ಏಳನೇ ನಂಬರಿನ ಅರ

ನಾನು ಒಂದು ಅರ. ಕಬ್ಬಿಣವನ್ನು ಉಜ್ಜಿ ಉಜ್ಜಿ ಸಮ ಮಾಡುವ, ಹತ್ತು ಇಂಚು ಉದ್ದದ ಚಪ್ಪಟೆ ಅರ. ಮನುಷ್ಯರ ಮನೆಯಲ್ಲಿ ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂದು ಗಾಬರಿ ಬೀಳುತ್ತಾರಂತೆ. ನನಗೆ ಹುಟ್ಟುವಾಗಲೇ ಮೈತುಂಬ ಹಲ್ಲು ಬಂದವು, ಅದೂ ಸಾವಿರಗಟ್ಟಲೆ. ಪುಣ್ಯಕ್ಕೆ ನನಗೆ ಸೋದರಮಾವ ಇರಲಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಮೊದಲು ಬರೀ ಉಕ್ಕಿನ ಪಟ್ಟಿಯಾಗಿದ್ದೆ. ನನ್ನನ್ನು ಕಾಯಿಸಿದರು, ಬಡಿದರು, ಒಂದು ತುದಿಯನ್ನು ಬಾಲದ ಹಾಗೆ ಚೂಪು ಮಾಡಿದರು. ಆಮೇಲೆ ಒಂದು ಯಂತ್ರ ಉಳಿಯಿಂದ ಕಟಕಟನೆ ಕಡಿದು ನನ್ನ ಮೈಮೇಲೆ ಓರೆ ಗೆರೆಗಳನ್ನು ಎಬ್ಬಿಸಿತು. ಅವೇ ನನ್ನ ಹಲ್ಲು. ಕೊನೆಗೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಚುಂಯ್ ಎಂದು ಸದ್ದಾಯಿತು, ನನ್ನ ಸ್ವಭಾವ ಅಲ್ಲಿಗೆ ಗಟ್ಟಿಯಾಯಿತು. ಅಂದಿನಿಂದ ಬಗ್ಗುವುದು ನನ್ನ ಜಾಯಮಾನದಲ್ಲಿಲ್ಲ. ಬಿದ್ದರೆ ಮುರಿದೇನು, ಬಗ್ಗಲಾರೆ. ಹೀಗಾಗಿ ನನ್ನ ಮಾತು ಸ್ವಲ್ಪ ಒರಟು ಅನ್ನಿಸಿದರೆ ಬೇಸರಪಡಬೇಡಿ.

ನಾವು ಇಪ್ಪತ್ತನಾಲ್ಕು ಅಣ್ಣತಮ್ಮಂದಿರು ಒಂದೇ ಪೆಟ್ಟಿಗೆಯಲ್ಲಿ, ಒಬ್ಬರಿಗೊಬ್ಬರು ತಾಗದಂತೆ ಕಾಗದ ಸುತ್ತಿಕೊಂಡು, ಗದಗ ಕಡೆಯ ಒಂದು ತಾಂತ್ರಿಕ ಪ್ರೌಢಶಾಲೆಗೆ ಬಂದೆವು. ಅಲ್ಲಿ ಎಂಟನೇ ಇಯತ್ತೆಯಿಂದಲೇ ಮಕ್ಕಳು ಗಣಿತ, ವಿಜ್ಞಾನದ ಜೊತೆಗೆ ಯಂತ್ರದ ಕೆಲಸವನ್ನೂ ಕಲಿಯುತ್ತಿದ್ದರು. ವರ್ಕ್‌ಶಾಪಿನಲ್ಲಿ ಉದ್ದನೆಯ ಮೇಜುಗಳಿದ್ದವು. ಅವುಗಳಿಗೆ ಬಿಗಿದ ಇಪ್ಪತ್ತನಾಲ್ಕು ವೈಸ್‌ಗಳು ಕೆಲಸದ ತುಂಡನ್ನು ದವಡೆಯಲ್ಲಿ ಅಲುಗದಂತೆ ಹಿಡಿಯುತ್ತಿದ್ದವು. ಹಿಡಿಯುವುದು ವೈಸಿನ ಕೆಲಸ, ಕಚ್ಚುವುದು ನನ್ನ ಕೆಲಸ. ನನಗೆ ಏಳನೇ ನಂಬರಿನ ವೈಸ್ ಗಂಟುಬಿತ್ತು.

ಅಲ್ಲಿಯ ಒಡೆಯ ಫಕೀರಪ್ಪ ಯಲಿಗಾರ ಮಾಸ್ತರರು. ಅರಕ್ಕೆ ಹಿಡಿ ಕಾರ್ಖಾನೆಯಿಂದ ಬರುವುದಿಲ್ಲ. ಮಾಸ್ತರರು ತಾವೇ ಜಾಲಿ ಕಟ್ಟಿಗೆಯ ಹಿಡಿ ಮಾಡಿ, ತೂತು ಕೊರೆದು, ನನ್ನ ಬಾಲಕ್ಕೆ ಕೂರಿಸಿದರು. ಹೊಸ ಅರವನ್ನು ಒಮ್ಮೆಲೇ ಉಕ್ಕಿನ ಮೇಲೆ ಬಿಡಬಾರದು ಎಂದು ಮೊದಲು ಹಿತ್ತಾಳೆಯ ಮೇಲೆ ಓಡಿಸಿದರು. ಎಳೆ ಹಲ್ಲಿಗೆ ಮೆತ್ತನೆಯದು, ಬಲಿತ ಮೇಲೆ ಗಟ್ಟಿಯದು. ಮನುಷ್ಯರ ಕೂಸಿಗೂ ಹೀಗೇ ಅಲ್ಲವೇ? ಮಕ್ಕಳಿಗೆ ಅವರು ಹೇಳಿಕೊಡುತ್ತಿದ್ದ ನಿಯಮಗಳು ನಾಲ್ಕೇ. ಅರದ ಮೇಲೆ ಅರ ಇಡಬೇಡಿ. ಅದರಿಂದ ಏನನ್ನೂ ಬಡಿಯಬೇಡಿ. ಹಲ್ಲಿನ ಮೇಲೆ ಕೈಯಾಡಿಸಬೇಡಿ. ಮುಂದಕ್ಕೆ ಹೋಗುವಾಗ ಒತ್ತಿರಿ, ಹಿಂದಕ್ಕೆ ಬರುವಾಗ ಎತ್ತಿರಿ. ನಾನು ಹೋಗುವಾಗ ಮಾತ್ರ ಕಚ್ಚುವವನು. ಬರುವಾಗಲೂ ಒತ್ತಿ ಎಳೆದರೆ ನನ್ನ ಹಲ್ಲೇ ಸವೆಯುತ್ತದೆ.

ನಿಯಮ ಹೇಳಿದಷ್ಟು ಸುಲಭವಾಗಿ ಕೈ ಕೇಳುವುದಿಲ್ಲ. ಮೊದಲ ನಾಲ್ಕು ವರ್ಷ ನಾಲ್ಕು ಜನರ ಕೈಯಲ್ಲಿ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಒಬ್ಬ ಕೊಬ್ಬರಿ ತುರಿಯುವವನ ಹಾಗೆ ಉಜ್ಜುತ್ತಿದ್ದ. ಇನ್ನೊಬ್ಬ ನನ್ನಿಂದ ಬೆನ್ನು ಕೆರೆದುಕೊಂಡು ಅಂಗಿ ಹರಿದುಕೊಂಡ. ಮೂರನೆಯವನು ಒಳ್ಳೆಯ ಹುಡುಗ, ಆದರೆ ಅವನ ಕಣ್ಣು ಯಾವಾಗಲೂ ಕಿಟಕಿಯಾಚೆಯ ಕೊಕ್ಕೊ ಆಟದ ಮೇಲೆ. ನಾಲ್ಕನೆಯವನ ಹೆಸರು ಕೂಡ ನೆನಪಿಲ್ಲ. ಐದನೇ ವರ್ಷದ ಜೂನ್ ತಿಂಗಳಲ್ಲಿ ಏಳನೇ ವೈಸಿನ ಮುಂದೆ ಒಬ್ಬ ಹುಡುಗಿ ಬಂದು ನಿಂತಳು. ಎರಡು ಬಿಗಿ ಜಡೆ, ಜಡೆಯಿಂದ ಘಮ್ಮೆನ್ನುವ ಎಣ್ಣೆ. ದ್ರಾಕ್ಷಾಯಣಿ ಗಾಣಿಗೇರ. ಎಲ್ಲರ ಬಾಯಲ್ಲಿ ದ್ರಾಕ್ಷಿ. ಇಪ್ಪತ್ತನಾಲ್ಕು ಮಕ್ಕಳಲ್ಲಿ ಅವಳೊಬ್ಬಳೇ ಹುಡುಗಿ.

ಮೊದಲ ದಿನ ಮಾಸ್ತರರು ಪ್ರತಿಯೊಬ್ಬರನ್ನೂ ಈ ವಿಭಾಗಕ್ಕೆ ಯಾಕೆ ಬಂದಿರಿ ಎಂದು ಕೇಳುತ್ತಿದ್ದರು. ಅಪ್ಪ ಹೇಳಿದ, ಕಾಕಾ ಹೇಳಿದ ಎಂದೇ ಹೆಚ್ಚಿನವರ ಉತ್ತರ. ದ್ರಾಕ್ಷಿ ಹೇಳಿದ್ದು ಬೇರೆ.

"ನಮ್ಮ ಎಣ್ಣಿ ಮಷಿನ್ ನಿಂತ್ರ ಹುಬ್ಬಳ್ಳಿ ಮಿಸ್ತ್ರಿ ಬರಬೇಕ್ರಿ ಸರ್. ನಾಳೆ ಬರ್ತೀನಿ ಅಂತಾನ, ಮೂರು ದಿನ ಬರಂಗಿಲ್ಲ. ನಮ್ಮಪ್ಪ ಕಟ್ಟಿ ಮ್ಯಾಲ ಕುಂತು ರಸ್ತೆ ನೋಡ್ತಾನ್ರಿ. ಅದಕ್ಕ ಬಂದೀನ್ರಿ."

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ನಾನು, ನಿಜ ಹೇಳುತ್ತೇನೆ, ನಕ್ಕವರ ಪಕ್ಷದಲ್ಲಿದ್ದೆ. ಇಷ್ಟು ಸಣ್ಣ ಕೈ ನನ್ನನ್ನು ಹೇಗೆ ಹಿಡಿದೀತು ಎಂದುಕೊಂಡೆ.

ಆ ವಿಭಾಗದಲ್ಲಿ ಉಳಿಯುವುದು ಸಸಾರವಾಗಿರಲಿಲ್ಲ. ದಸರಾ ರಜೆಯೊಳಗೆ ಪ್ರತಿಯೊಬ್ಬರೂ ಮೂರು ಜಾಬ್ ಮಾಡಿ ತೋರಿಸಬೇಕು. ಜಾಬ್ ಎಂದರೆ ಕೈಯಾರೆ ಅರದಿಂದ ತಿದ್ದಿ ಮಾಡಿದ ಉಕ್ಕಿನ ತುಂಡು. ಮೂರೂ ಪಾಸಾಗದವರನ್ನು ರಜೆಯ ನಂತರ ಸಾದಾ ವಿಭಾಗಕ್ಕೆ ಕಳಿಸುತ್ತಿದ್ದರು. ಮಾಸ್ತರರ ಪರೀಕ್ಷೆಯೂ ಸರಳ. ಜಾಬನ್ನು, ಮೂಲೆ ನೇರವಿದೆಯೇ ಎಂದು ಅಳೆಯುವ ಮೂಲೆಮಟ್ಟಕ್ಕೆ ಹಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುವರು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ "ಬೆಳಕ ಬರತೈತಿ" ಎನ್ನುವರು. ಜಾಬು ಠಣ್ ಎಂದು ತಗಡಿನ ಡಬ್ಬಿಗೆ ಬೀಳುವುದು. ಬೆಳಕು ಕಾಣದಿದ್ದರೆ ಏನೂ ಹೇಳುತ್ತಿರಲಿಲ್ಲ. ಚೂಪು ಮೊನೆಯ ಪಂಚ್ ಇಟ್ಟು ಸುತ್ತಿಗೆಯಿಂದ ಟಿಕ್ ಎಂದು ಒಂದು ಚುಕ್ಕೆ ಹೊಡೆಯುತ್ತಿದ್ದರು. ಆ ಚುಕ್ಕೆಗಾಗಿ ಮಕ್ಕಳು ಊಟ ಬಿಡುತ್ತಿದ್ದರು.

ದ್ರಾಕ್ಷಿಯ ಮೊದಲ ಜಾಬು ಮೂರು ಸಲ ಡಬ್ಬಿಗೆ ಬಿತ್ತು. ಅವಳ ಕೈ ತೊಟ್ಟಿಲು ತೂಗಿದ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಹಾಗೆ ಆಡಿದರೆ ತುಂಡಿನ ಅಂಚುಗಳು ಸವೆದು ನಡು ಉಬ್ಬುತ್ತದೆ. ಮಾಸ್ತರರು ಅದಕ್ಕೆ ಹೊಟ್ಟೆ ಬಂದಿದೆ ಎನ್ನುತ್ತಿದ್ದರು. ಅವಳು ಮನೆಗೆ ಹೋಗಿ ಒಂದು ಕಟ್ಟಿಗೆಯ ತುಂಡನ್ನು ಕಿಟಕಿಯ ಸರಳಿನ ಮೇಲೆ ಹಿಂದೆ ಮುಂದೆ ಓಡಿಸಿ ಅಭ್ಯಾಸ ಮಾಡಿದಳಂತೆ. ನಾಲ್ಕನೆಯ ಸಲ ಹೊಟ್ಟೆ ಕರಗಿತು, ಚುಕ್ಕೆ ಬಿತ್ತು. ಎರಡನೆಯ ಜಾಬು ಮೆಟ್ಟಿಲಿನ ಆಕಾರದ್ದು, ಅದು ಎರಡನೇ ಸಲಕ್ಕೇ ಪಾಸಾಯಿತು. ಅಷ್ಟರಲ್ಲಿ ಅವಳ ಅಂಗೈಯಲ್ಲಿ ನನ್ನ ಹಿಡಿಯ ಗುರುತು ಜಡ್ಡುಗಟ್ಟಿತ್ತು. ಇಷ್ಟು ಸಣ್ಣ ಕೈ ಎಂದು ನಕ್ಕವನು ನಾನೇ ಎಂಬುದನ್ನು ಮರೆಯಲು ನೋಡುತ್ತಿದ್ದೆ.

ಮೂರನೆಯದು ಕಠಿಣ. ಒಂದು ತುಂಡಿನಲ್ಲಿ ಚೌಕಾಕಾರದ ಕೊಂಬು ಚಾಚಿರಬೇಕು, ಇನ್ನೊಂದರಲ್ಲಿ ಅದು ಕೂರುವಷ್ಟೇ ತಗ್ಗು ಇರಬೇಕು. ಎರಡನ್ನೂ ಕೈಯಿಂದ ತಳ್ಳಿದರೆ ಸರಿಯಬೇಕು, ಬೆಳಕು ಮಾತ್ರ ತೂರಬಾರದು. ದ್ರಾಕ್ಷಿ ಕೊಂಬು ಮುಗಿಸಿದ್ದಳು, ತಗ್ಗು ಅರ್ಧ ಆಗಿತ್ತು. ಗುರುವಾರ ಜಾಬು ತೋರಿಸಲು ಕೊನೆಯ ದಿನ. ಶುಕ್ರವಾರ ಶಾಲೆಯಲ್ಲಿ ಆಯುಧಪೂಜೆ, ಆಮೇಲೆ ರಜೆ.

ಬುಧವಾರ ಸಂಜೆ ಮಾಸ್ತರರು ಪೂಜೆಗೆ ಮುಂಚೆ ಯಂತ್ರ, ವೈಸು ಎಲ್ಲ ಒರೆಸಿ ಎಣ್ಣೆ ಹಚ್ಚಿರಿ ಎಂದು ಹೇಳಿ ಹೋದರು. ಗುರುವಾರ ಅವರಿಗೆ ಜಿಲ್ಲಾ ಕಚೇರಿಯಲ್ಲಿ ಮೀಟಿಂಗ್ ಇತ್ತು, ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು. ಹುಡುಗರು ಲೇತ್ ಯಂತ್ರಕ್ಕೂ ವೈಸುಗಳಿಗೂ ಎಣ್ಣೆ ಹಚ್ಚಿ ಆಡಲು ಓಡಿದರು. ದ್ರಾಕ್ಷಿ ಉಳಿದಳು. ಅವಳು ಪೂಜೆಗೆಂದು ಮನೆಯಿಂದ ಒಂದು ಸೀಸೆ ಕುಸುಬಿ ಎಣ್ಣೆ ತಂದಿದ್ದಳು. ಗಾಣದ ಮನೆಯಲ್ಲಿ ಹಬ್ಬಕ್ಕೆ ಕಬ್ಬಿಣಕ್ಕೆ ಎಣ್ಣೆ ಹಚ್ಚುವುದೆಂದರೆ ಕೂಸಿಗೆ ಎರೆದಷ್ಟು ಅಕ್ಕರೆಯ ಕೆಲಸ. ಕಬ್ಬಿಣದ್ದು ಯಾವುದೂ ಅಲ್ಲಿ ಒಣಗಿ ಇರಬಾರದು. ಅವಳು ನನ್ನನ್ನು ಎತ್ತಿಕೊಂಡಳು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ, ಹಲ್ಲುಹಲ್ಲಿನ ಸಂದಿಗೂ ಇಳಿಯುವಂತೆ ಹಚ್ಚಿದಳು. ಪಾಪ, ಇವೆಷ್ಟು ಒಣಗಿವೆ ಎಂದು ಮರುಗಿದಳು. ಆಮೇಲೆ ನನ್ನ ಇಪ್ಪತ್ತಮೂರು ಅಣ್ಣತಮ್ಮಂದಿರಿಗೂ ಹಚ್ಚಿದಳು.

ನನಗೆ ಬಾಯಿ ತುಂಬ ಹಲ್ಲಿದೆ, ಕೂಗಲು ನಾಲಗೆ ಇಲ್ಲ. ಅರಕ್ಕೆ ಎಣ್ಣೆ ಹಚ್ಚಿದರೆ ಅದು ಕಚ್ಚುವುದಿಲ್ಲ, ಜಾರುತ್ತದೆ. ಅದರಲ್ಲೂ ಕುಸುಬಿ ಎಣ್ಣೆ ಗಾಳಿಗೆ ಅಂಟಾಗುತ್ತದೆ. ನಾನು ಸುಮ್ಮನೆ ಹೊಳೆಯುತ್ತಾ ಮಲಗಿದೆ.

ಗುರುವಾರ ಬೆಳಿಗ್ಗೆ ಮಕ್ಕಳೆಲ್ಲ ಉಳಿದ ಕೆಲಸಕ್ಕೆ ಕೈಹಾಕಿದರು. ಒಂದೇ ನಿಮಿಷದಲ್ಲಿ ವರ್ಕ್‌ಶಾಪಿನಲ್ಲಿ ವಿಚಿತ್ರ ಮೌನ. ಕರಕರ ಎನ್ನಬೇಕಾದ ಅರಗಳು ಉಕ್ಕಿನ ಮೇಲೆ ಸೊಯ್ ಎಂದು ಜಾರುತ್ತಿದ್ದವು. ದ್ರಾಕ್ಷಿ ನನ್ನನ್ನು ಬಲವಾಗಿ ಒತ್ತಿದಳು. ಕಬ್ಬಿಣದ ಪುಡಿ ಎಣ್ಣೆಗೆ ಮೆತ್ತಿಕೊಂಡು ನನ್ನ ಹಲ್ಲಿನ ಸಂದಿ ತುಂಬಿತು, ಜಾಬಿನ ಮೇಲೆ ಆಳವಾದ ಗೀರು ಬಿತ್ತು. ಎಂಟನೇ ವೈಸಿನ ಮೌಲಾಲಿ ತನ್ನ ಅರವನ್ನು ಮೂಸಿ ನೋಡಿದ. ಯಾರೋ ಎಣ್ಣೆ ಬಳಿದಿದ್ದಾರೆ ಎಂದ. ಮಾತು ಎದ್ದಿತು. ಯಾರು, ಯಾರು ಎಂದು ಹುಡುಗರು ಒಬ್ಬರನ್ನೊಬ್ಬರು ನೋಡತೊಡಗಿದರು.

ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ನನ್ನನ್ನು ಮೇಜಿನ ಮೇಲಿಟ್ಟಳು.

"ನಾ ಹಚ್ಚೀನಿ," ಎಂದಳು. "ಇಪ್ಪತ್ನಾಲ್ಕಕ್ಕೂ ನಾನ ಹಚ್ಚೀನಿ."

ಹುಡುಗರು ಬಾಯಿಗೆ ಬಂದಂತೆ ಅಂದರು. ನಿಮ್ಮ ಮನೆಯಲ್ಲಿ ಎಣ್ಣೆ ಹೆಚ್ಚಾಗಿದ್ದರೆ ನಿನ್ನ ತಲೆಗೆ ಹಚ್ಚಿಕೊಳ್ಳಬೇಕಿತ್ತು ಎಂದ ಮೌಲಾಲಿ. ಇನ್ನೊಬ್ಬನಿಗಂತೂ ಅಳುವೇ ಬಂತು, ಅವನ ಎರಡು ಜಾಬು ಬಾಕಿ ಇದ್ದವು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ಬೈಯುವುದನ್ನು ಆಮೇಲೆ ಬೈಯಿರಿ, ಮೊದಲು ಎಣ್ಣೆ ತೆಗೆಯೋಣ ಎಂದಳು.

ಎಣ್ಣೆ ಹಚ್ಚುವುದು ಎಷ್ಟು ಗೊತ್ತೋ ತೆಗೆಯುವುದೂ ಗಾಣದ ಮನೆಯವರಿಗೆ ಅಷ್ಟೇ ಗೊತ್ತು. ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಅವರು ನೀರು ಹಾಕುವುದಿಲ್ಲ. ನುಣುಪು ಪುಡಿ ಎರಚಿ, ಅದು ಎಣ್ಣೆ ಕುಡಿಯುವ ತನಕ ಬಿಟ್ಟು, ಆಮೇಲೆ ಗುಡಿಸುತ್ತಾರೆ. ಶಾಲೆಯಲ್ಲಿ ನುಣುಪು ಪುಡಿ ಎಲ್ಲಿದೆ? ಪ್ರತಿ ಕ್ಲಾಸಿನ ಕರಿಹಲಗೆಯ ಕೆಳಗೆ. ದ್ರಾಕ್ಷಿ ಕಸದ ಮೊರ ಹಿಡಿದು ಓಡಿದಳು. ಪಾಠ ನಡೆಯುತ್ತಿದ್ದ ಕ್ಲಾಸಿಗೂ ನುಗ್ಗಿ, ಸರ್, ಒಂದು ಚೂರು ಸೀಮೆಸುಣ್ಣದ ಪುಡಿ ಎಂದು ಬೇಡಿದಳು. ಹಿಂದಿ ಗುರುಗಳು ಯಾತಕ್ಕೆ ಎಂದು ಕೇಳಿದ್ದಕ್ಕೆ, ಎಣ್ಣೆ ಕುಡಿಸಲು ಎಂದಳಂತೆ. ಅವರಿಗೆ ಏನೂ ತಿಳಿಯದೆ ಡಸ್ಟರನ್ನೇ ಕೊಟ್ಟು ಕಳಿಸಿದರಂತೆ.

ಬಿಳಿ ಪುಡಿ ರಾಶಿಯಾಯಿತು. ಅವಳು ಅರವನ್ನು ಪುಡಿಯಲ್ಲಿ ಹೊರಳಿಸಿ, ಕಾದು, ತಂತಿ ಬ್ರಷ್ಷಿನಿಂದ ಹಲ್ಲಿನ ಓರೆ ಹಿಡಿದು ಉಜ್ಜಿದಳು. ಮತ್ತೆ ಹೊರಳಿಸಿದಳು. ಮೂರು ಸಲಕ್ಕೆ ಒಂದು ಅರ ಒಣಗಿತು. ಕರಕರ ಸದ್ದು ಕೇಳಿದ ಕೂಡಲೇ ಮೌಲಾಲಿಯ ಮುಖ ಸಡಿಲಾಯಿತು. ಮಾತಿಲ್ಲದೆ ಅವನೂ ಒಂದು ಬ್ರಷ್ ಹಿಡಿದು ಕುಳಿತ. ಆದರೆ ದ್ರಾಕ್ಷಿ ನನ್ನನ್ನು ಮುಟ್ಟಲಿಲ್ಲ. ಒಂದು, ಎರಡು, ಮೂರು ಎನ್ನುತ್ತಾ ಆರಾದ ಮೇಲೆ ಎಂಟಕ್ಕೆ ಹಾರಿದಳು. ನನಗೆ ಉರಿದುಹೋಯಿತು. ಎಲ್ಲರ ಹಲ್ಲು ತೊಳೆದವಳು ತನ್ನ ಅರವನ್ನೇ ಮರೆತಳಲ್ಲ ಎಂದು ಹಲ್ಲು ಕಡಿದೆ. ಉಳಿದ ಇಪ್ಪತ್ತಮೂರೂ ಮುಗಿದ ಮೇಲೆ, ಎರಡೂವರೆಗೆ, ನನ್ನನ್ನು ಕೈಗೆತ್ತಿಕೊಂಡಳು. ಆಗ ತಿಳಿಯಿತು. ತಪ್ಪು ಮಾಡಿದವಳ ಸರದಿ ಕೊನೆಗೆ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ನನಗೆ ನಾಚಿಕೆಯಾಯಿತು.

ಮೂರಕ್ಕೆ ಯಲಿಗಾರ ಮಾಸ್ತರರು ಬಂದರು. ಬಿಳಿ ಮುಖದ ಇಪ್ಪತ್ತನಾಲ್ಕು ಮಕ್ಕಳನ್ನು ಕಂಡು ಬಾಗಿಲಲ್ಲೇ ನಿಂತರು. ದ್ರಾಕ್ಷಿ ಮುಂದೆ ಹೋಗಿ ಆದದ್ದನ್ನು ಆದಹಾಗೆ ಹೇಳಿದಳು. ಅವರು ನನ್ನನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಹಲ್ಲು ನೋಡಿದರು.

"ಮೂವತ್ತು ವರ್ಷದಾಗ ಅರಕ್ಕ ಎಣ್ಣಿ ಹಚ್ಚಿದವರನ್ನ ನಾ ನೋಡಿದ್ದಿಲ್ಲ," ಎಂದರು. "ಅದಕ್ಕ ಹಚ್ಚಬ್ಯಾಡ್ರಿ ಅಂತ ಯಾರಿಗೂ ಹೇಳಿದ್ದಿಲ್ಲ. ತಪ್ಪು ನಂದೂ ಐತಿ. ನಾಲ್ಕೂವರಿಗೆ ಗಂಟಿ. ಹೋಗು, ನಿನ್ನ ಜಾಬ್ ಮುಗಸು."

ಗಡುವನ್ನು ಮಾತ್ರ ಒಂದು ನಿಮಿಷವೂ ಮುಂದೂಡಲಿಲ್ಲ. ಅವರು ಹಾಗೆಯೇ.

ಒಂದೂವರೆ ಗಂಟೆ. ಬೆಳಗಿನ ಗೀರು ಹೋಗುವ ತನಕ ಮೊದಲು ಸವೆಸಬೇಕು, ಆಮೇಲೆ ತಗ್ಗಿನ ಮೂಲೆಗಳು. ಅವಳು ಒತ್ತಿದಳು, ಎತ್ತಿದಳು, ಒತ್ತಿದಳು. ನಾನು ನನ್ನ ಜನ್ಮದಲ್ಲಿ ಅಷ್ಟು ಮನಸ್ಸಿಟ್ಟು ಕಚ್ಚಿದ್ದಿಲ್ಲ. ಮೂಲೆ ತಿದ್ದುವಾಗ ಒಂದು ಅಪಾಯವಿದೆ. ನನ್ನ ಎರಡು ಅಂಚುಗಳಲ್ಲಿ ಒಂದಕ್ಕೆ ಹಲ್ಲಿದೆ, ಇನ್ನೊಂದು ಬೋಳು. ತಗ್ಗಿನ ತಳವನ್ನು ಉಜ್ಜುವಾಗ ಬೋಳು ಅಂಚು ತಗ್ಗಿನ ಪಕ್ಕದ ಗೋಡೆಯ ಕಡೆಗಿರಬೇಕು. ಹಲ್ಲಿನ ಅಂಚು ತಾಗಿದರೆ ಆಗಲೇ ಮುಗಿಸಿದ ಗೋಡೆ ಕೆಟ್ಟುಹೋಗುತ್ತದೆ. ನಾಲ್ಕು ಗಂಟೆ ದಾಟಿತ್ತು. ಆತುರದಲ್ಲಿ ದ್ರಾಕ್ಷಿ ನನ್ನನ್ನು ತಿರುವುಮುರುವಾಗಿ ಇಟ್ಟಳು. ಹಲ್ಲಿನ ಅಂಚು ಗೋಡೆಯನ್ನು ಮುಟ್ಟುವುದರಲ್ಲಿತ್ತು. ಒಂದೇ ಒಂದು ಸಲ ತಳ್ಳಿದ್ದರೆ ನಾಲ್ಕು ತಿಂಗಳ ಕೆಲಸ ನನ್ನ ಬಾಯಿಗೇ ಹೋಗುತ್ತಿತ್ತು. ಬೇಡ, ಬೇಡ ಎಂದು ಒಳಗೇ ಕೂಗಿದೆ. ಅವಳು ತಳ್ಳಲಿಲ್ಲ. ಉಗುರಿನಿಂದ ನನ್ನ ಅಂಚನ್ನು ಒಮ್ಮೆ ಗೀರಿ ನೋಡಿದಳು, ಉಗುರು ಕರ್ ಎಂದಿತು. ಉಸಿರು ಬಿಟ್ಟು ನನ್ನನ್ನು ಹೊರಳಿಸಿದಳು. ಅವಳಿಗಿಂತ ದೊಡ್ಡ ಉಸಿರು ನಾನು ಬಿಟ್ಟೆ.

ನಾಲ್ಕು ಇಪ್ಪತ್ತಕ್ಕೆ ಜಾಬನ್ನು ಒಯ್ದು ಕೊಟ್ಟಳು. ಮಾಸ್ತರರು ಕೊಂಬನ್ನು ತಗ್ಗಿಗೆ ತಳ್ಳಿದರು, ಮೆಲ್ಲಗೆ ಸರಿದು ಕೂತಿತು. ಕಿಟಕಿಗೆ ಹಿಡಿದರು. ತಿರುಗಿಸಿ ಕೂರಿಸಿ ಮತ್ತೆ ಹಿಡಿದರು. ನಾಲ್ಕು ಮಗ್ಗುಲೂ ಆದವು. ಬೆಳಿಗ್ಗೆ ಬೈದ ಮೌಲಾಲಿ ಕೂಡ ಕಣ್ಣು ಮುಚ್ಚಿ ನಿಂತಿದ್ದ. ಮಾಸ್ತರರು ಏನೂ ಹೇಳಲಿಲ್ಲ. ಮೇಜಿನ ಹತ್ತಿರ ಹೋಗಿ ಪಂಚ್ ಎತ್ತಿಕೊಂಡರು.

ಟಿಕ್.

ದ್ರಾಕ್ಷಿ ಅಲ್ಲೇ ಕಬ್ಬಿಣದ ಪುಡಿಯ ಮೇಲೆ ಕುಳಿತುಬಿಟ್ಟಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಸೀಮೆಸುಣ್ಣದ ಮುಖದ ಮೇಲೆ ಎರಡು ಗೆರೆ ಮಾತ್ರ ಇಳಿದವು. ಮೌಲಾಲಿ ಹೋಗಿ ನೀರಿನ ತಂಬಿಗೆ ತಂದುಕೊಟ್ಟ. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎರಡು ಜಾಬು ಬಾಕಿ ಇದ್ದ ಹುಡುಗನೂ ಹೇಗೋ ದಾಟಿಕೊಂಡ. ಆ ವರ್ಷ ಸಾದಾ ವಿಭಾಗಕ್ಕೆ ಹೋದವರು ಯಾರೂ ಇಲ್ಲ. ಮರುದಿನ ನಮಗೆಲ್ಲ ಹೂ ಕುಂಕುಮ ಏರಿತು. ಎಣ್ಣೆಯ ಸೀಸೆಯನ್ನು ಮಾಸ್ತರರು ತಾವೇ ದೀಪಕ್ಕೆ ಹಾಕಿ ಖಾಲಿ ಮಾಡಿದರು.

ಒಂಬತ್ತು, ಹತ್ತು ಎರಡೂ ಇಯತ್ತೆಯಲ್ಲಿ ಅವಳು ಏಳನೇ ವೈಸನ್ನು ಬಿಡಲಿಲ್ಲ. ಬಾಗಿಲ ಕೀಲು ಮಾಡಿದಳು, ಸುತ್ತಿಗೆಯ ತಲೆ ಮಾಡಿದಳು, ತಗಡಿನ ಲಾಳಿಕೆ ಮಾಡಿದಳು. ನನ್ನ ಹಲ್ಲು ಸವೆಯುತ್ತಾ ಬಂತು. ಅದಕ್ಕೆ ನನಗೆ ದುಃಖವಿರಲಿಲ್ಲ. ಹಲ್ಲು ಇರುವುದು ಹೋಗುವುದಕ್ಕೇ. ಹತ್ತನೆಯ ಇಯತ್ತೆಯ ಜನವರಿಯಲ್ಲಿ ಮಾಸ್ತರರು ನನ್ನನ್ನು ಹೆಬ್ಬೆರಳಿನ ಉಗುರಿನ ಮೇಲೆ ಓಡಿಸಿ ನೋಡಿ, ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು.

ಈಗ ನಾನು ಮಲಗಿರುವುದು ಗಾಣಿಗೇರರ ಎಣ್ಣೆ ಮಷಿನ್ನಿನ ಮನೆಯ ಗೋಡೆಗೂಡಿನಲ್ಲಿ. ಮುದುಕನಾಗಿದ್ದೇನೆ, ಬೋಳು ಬಾಯಿ. ಇಲ್ಲಿಗೆ ಹೇಗೆ ಬಂದೆ ಎಂಬುದನ್ನು ಹೇಳಿ ಮಾತು ನಿಲ್ಲಿಸುತ್ತೇನೆ.

ನನ್ನ ಹೆಸರಿಗೆ ಗೆರೆ ಬಿದ್ದ ಮರುವಾರ, ಶೇಂಗಾ ತಂದ ರೈತರು ಸಾಲುಗಟ್ಟಿದ್ದಾಗ, ಮಷಿನ್ ನಿಂತಿತು. ಹುಬ್ಬಳ್ಳಿ ಮಿಸ್ತ್ರಿ ಫೋನಿನಲ್ಲಿ ನಾಳೆ ಎಂದ. ದ್ರಾಕ್ಷಿಯ ಅಪ್ಪ ಅಂದಾನಪ್ಪ ಕಟ್ಟೆಯ ಮೇಲೆ ಹೋಗಿ ಕುಳಿತ. ಅವಳು ಮಷಿನ್ ಬಿಚ್ಚಿ ನೋಡಿದಳು. ಗಾಲಿಯನ್ನು ತಿರುಗುವ ದಂಡಕ್ಕೆ ಹಿಡಿದಿಡುವ ಬೆರಳುದ್ದದ ಉಕ್ಕಿನ ಬೆಣೆ ನಜ್ಜುಗುಜ್ಜಾಗಿತ್ತು. ಅವಳು ಶಾಲೆಗೆ ಬಂದು ಮಾಸ್ತರರಿಗೆ ಹೇಳಿದಳು. ಹೊಸ ಅರ ಶಾಲೆಯಿಂದ ಹೊರಗೆ ಹೋಗುವಂತಿರಲಿಲ್ಲ. ಗೆರೆ ಬಿದ್ದ ನನ್ನನ್ನೂ ಒಂದು ಉಕ್ಕಿನ ತುಂಡನ್ನೂ ಅವರು ಅವಳ ಚೀಲಕ್ಕೆ ಹಾಕಿದರು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇ‌ದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಇಷ್ಟು ವರ್ಷ ಪರೀಕ್ಷೆಯ ತುಂಡು ಕಚ್ಚಿದ್ದೆ. ನಿಜವಾದ ಕೆಲಸ ಬಂದದ್ದು ಬಾಯಿ ಬೋಳಾದ ಮೇಲೆ. ಪಕ್ಕದ ಸೈಕಲ್ ಅಂಗಡಿಯ ವೈಸಿನಲ್ಲಿ ತುಂಡು ಬಿಗಿದು, ಮಧ್ಯಾಹ್ನದಿಂದ ಹೊತ್ತು ಇಳಿಯುವ ತನಕ ಅವಳು ಉಜ್ಜಿದಳು. ನನ್ನಲ್ಲಿ ಉಳಿದಿದ್ದ ಹಲ್ಲನ್ನೆಲ್ಲ ಕೊಟ್ಟೆ. ಬೆಣೆಯನ್ನು ತಗ್ಗಿಗೆ ಇಟ್ಟು, ಕಣ್ಣು ಕಿರಿದು ಮಾಡಿ ಬೆಳಕು ನೋಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಕೂತಿತು. ಗಾಲಿಗೆ ಪಟ್ಟಿ ಏರಿಸಿ ಗುಂಡಿ ಒತ್ತಿದಳು. ಗಾಲಿ ಒಮ್ಮೆ ತಡವರಿಸಿ, ಆಮೇಲೆ ತಿರುಗತೊಡಗಿತು.

ಸದ್ದು ಕೇಳಿ ಹೊರಗೆ ಚೀಲದ ಮೇಲೆ ತೂಕಡಿಸುತ್ತಿದ್ದ ರೈತನೊಬ್ಬ ಎದ್ದು ಬಂದ.

"ಮಿಸ್ತ್ರಿ ಯಾವಾಗ ಬಂದು ಹ್ವಾದ್ನೋ ಅಂದಾನಪ್ಪ?"

ಅಂದಾನಪ್ಪ ತಿರುಗುವ ಗಾಲಿಯಿಂದ ಕಣ್ಣು ಕೀಳಲಿಲ್ಲ.

"ಇನ್ನೂ ಹೋಗಿಲ್ಲ," ಎಂದ. "ಒಳಗ ಕೈ ತೊಳ್ಕೊಳಾಕತ್ತಾಳ."

ಅದನ್ನು ಕೇಳಿದ ಮೇಲೆ ನನಗೆ ಇನ್ನೇನನ್ನೂ ಕಚ್ಚಬೇಕು ಅನ್ನಿಸಲಿಲ್ಲ.